ಕಡಿಮೆ ರೇಟಿಗೆ ಮನೆ ಕೇಳ್ತಾರೆ, ಏನು ಮಾಡೋಣ? ಕಲಬುರಗಿಯಲ್ಲಿ ಮನೆ ಮಾರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಖರೀದಿ ಪತ್ರ, ಇಸಾರ ಪತ್ರ (ಮುಂಗಡ ಕೊಟ್ಟು ಮಾಡಿಕೊಳ್ಳುವ ಮಾರಾಟದ ಕರಾರು) ಬರೆಸಲು ನನ್ನ ಹತ್ತಿರ ಬರುವವರು ಕಾಗದದ ಬಗ್ಗೆ ಕೇಳುವುದು ಕಡಿಮೆ, ರೇಟಿನ ಬಗ್ಗೆ ಕೇಳುವುದು ಜಾಸ್ತಿ. ಮಾರ್ಕೆಟ್ ಇಳಿದಾಗ ಅಂತೂ ಬೇರೆ ಮಾತೇ ಇಲ್ಲ. ಮಾತಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಎಲ್ಲ ಕಡೆ ಒಂದೇ ಉದಾಹರಣೆ: 56 ಲಕ್ಷ ಹೇಳಿದ ಮನೆ, 46ರಿಂದ 48 ಲಕ್ಷಕ್ಕೆ ಕೇಳುವ ಜನ.

## ಶುರುವಿನ ಪ್ರಶ್ನೆಗಳು

56 ಲಕ್ಷ ಅಂದ್ರೆ 46ಕ್ಕೆ ಕೇಳ್ತಾರೆ. ಇದು ಅವಮಾನ ಅಲ್ವಾ?

ಸಿಟ್ಟು ಬರೋದು ಸಹಜ. ಅಪ್ಪ ಕಟ್ಟಿಸಿದ ಮನೆ, ಮಕ್ಕಳು ಬೆಳೆದ ಮನೆ. ಆದರೆ ಕೇಳುವವರಿಗೆ ಅದು ಗೊತ್ತಿಲ್ಲ. ಸೇಡಂ ರಸ್ತೆಯಲ್ಲಿ ಎರಡು, ಜೇವರ್ಗಿ ರಸ್ತೆಯಲ್ಲಿ ಮೂರು ಮನೆ ನೋಡಿಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದಾರೆ. ರೇಟು ಇನ್ನೂ ಇಳಿಯಬಹುದು ಎಂಬ ಭಯ ಅವರಿಗೂ ಇದೆ. ಇವತ್ತು 52ಕ್ಕೆ ಕೊಂಡು ನಾಳೆ ಪಕ್ಕದ ಮನೆ 48ಕ್ಕೆ ಹೋದರೆ ಮನೆಯಲ್ಲಿ ಮಾತು ಕೇಳಬೇಕಾಗುವುದು ಅವರೇ.

ಇನ್ನೊಂದು ಮಾತು. ಮಾರ್ಕೆಟ್ ಇಳಿದಾಗ ಮನೆ ಇಷ್ಟವಾಗದವರು ಚೌಕಾಸಿ ಮಾಡುವುದೇ ಇಲ್ಲ, "ಫೋನ್ ಮಾಡ್ತೀವ್ರಿ" ಅಂತ ಹೇಳಿ ಹೋಗುತ್ತಾರೆ. ಒಂದು ಅಂಕಿ ಹೇಳಿದವರಿಗೆ ಮನೆ ಮನಸ್ಸಿಗೆ ಬಂದಿದೆ. ಹಾಗಾಗಿ ಬಾಗಿಲು ಹಾಕಬೇಡಿ. "ಅಷ್ಟಕ್ಕೆ ಆಗಲ್ರೀ, ಆದ್ರೆ ಮನಿ ಹಿಡಿಸಿದ್ರೆ ಕೂತು ಮಾತಾಡೋಣ" ಅಂದರೆ ಸಾಕು.

ನಿಜಕ್ಕೂ ಮಾರ್ಕೆಟ್ ಬಿದ್ದಿದೆಯಾ, ಇಲ್ಲಾ ಸುಮ್ನೆ ಹೆದರಿಸ್ತಾರಾ?

ಪಕ್ಕದವರು ಎಷ್ಟು *ಹೇಳುತ್ತಿದ್ದಾರೆ* ಎನ್ನುವುದು ರೇಟಲ್ಲ. ಎಷ್ಟಕ್ಕೆ *ಹೋಯಿತು* ಎನ್ನುವುದು ರೇಟು. ನಿಮ್ಮ ಬಡಾವಣೆಯಲ್ಲಿ ಈಚೆಗೆ ಮಾರಾಟವಾದ ಮನೆಯ ವಿವರ ಗೊತ್ತಿದ್ದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಶುಲ್ಕ ಕಟ್ಟಿ ಅದರ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಯಬಹುದು. ನೋಂದಣಿಯಾದ ಮೊತ್ತ ಅದರಲ್ಲಿ ಇರುತ್ತದೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ) ಲೆಕ್ಕದಲ್ಲಿ ಪತ್ರ ಮಾಡಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಕೊಂಡವರನ್ನೇ ಒಮ್ಮೆ ಮಾತಾಡಿಸಿ. ಮನೆ ಕೊಂಡವರು ಸಾಮಾನ್ಯವಾಗಿ ನಿಜ ಹೇಳುತ್ತಾರೆ, ಮಾರಿದವರು ಒಂದೆರಡು ಲಕ್ಷ ಸೇರಿಸಿ ಹೇಳುತ್ತಾರೆ.

ಒಬ್ಬರು ಕಡಿಮೆ ಕೇಳಿದರೆ ಅದು ಅವರ ಮಾತು. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂರು ನಾಲ್ಕು ಜನ 46, 47, 48 ಅಂತಲೇ ಸುತ್ತುತ್ತಿದ್ದರೆ ಅದು ಮಾರ್ಕೆಟ್ಟಿನ ಮಾತು.

ಹೇಗೂ ಇಳಿಸಬೇಕಲ್ಲ, 65 ಅಂತ ಹೇಳಿ ಶುರು ಮಾಡಿದ್ರೆ?

ರೇಟು ಏರುವಾಗ ಅದು ನಡೆಯುತ್ತದೆ. ಇಳಿಯುವಾಗ ಕೈಕೊಡುತ್ತದೆ. 65 ಅಂದರೆ 50 ಲಕ್ಷ ಕೈಯಲ್ಲಿರುವವರು ಮನೆ ನೋಡಲೂ ಬರುವುದಿಲ್ಲ. ಮೂರು ತಿಂಗಳಾದ ಮೇಲೆ ನೀವು 58ಕ್ಕೆ ಇಳಿಯುತ್ತೀರಿ, ಅಷ್ಟರಲ್ಲಿ ಮಾರ್ಕೆಟ್ 50ಕ್ಕೆ ಬಂದಿರುತ್ತದೆ. ಮತ್ತೆ 53 ಅನ್ನುತ್ತೀರಿ. ಯಾವಾಗಲೂ ಒಂದು ಹೆಜ್ಜೆ ಹಿಂದೆ. ಜೊತೆಗೆ "ಆ ಮನಿ ವರ್ಷದಿಂದ ಹಾಂಗೇ ಬಿದ್ದದ, ಏನರ ತಕರಾರು ಇರಬೇಕು" ಎಂಬ ಮಾತು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಅದನ್ನು ಅಳಿಸುವುದು ಕಷ್ಟ.

ನಿಮಗೆ ಬೇಕಾದ ಬೆಲೆಯ ಮೇಲೆ ಶೇ 5ರಿಂದ 8 ಇಟ್ಟು ಹೇಳಿ. ಚೌಕಾಸಿಗೆ ಅಷ್ಟು ಜಾಗ ಸಾಕು.

ಕಾಯೋದಾ, ಬಂದಷ್ಟಕ್ಕೆ ಕೊಟ್ಟುಬಿಡೋದಾ?

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಮನಸ್ಸನ್ನು ಕೇಳಬೇಡಿ, ಒಂದು ಹಾಳೆ ತೆಗೆದುಕೊಳ್ಳಿ.

ಇವತ್ತು 48 ಲಕ್ಷ ಸಿಗುತ್ತದೆ ಅಂತಿಟ್ಟುಕೊಳ್ಳಿ. ನಿಮಗೆ 52 ಬೇಕು. ಆ 48 ಲಕ್ಷ ಬ್ಯಾಂಕಿನಲ್ಲಿ ಶೇ 6.5 ಬಡ್ಡಿಗೆ ಇದ್ದರೆ ವರ್ಷಕ್ಕೆ 3 ಲಕ್ಷ 12 ಸಾವಿರ, ತಿಂಗಳಿಗೆ 26 ಸಾವಿರ. ಅಂದರೆ ಖಾಲಿ ಮನೆ ಇಟ್ಟುಕೊಂಡು ಕಾಯುವ ಒಂದೊಂದು ತಿಂಗಳಿಗೂ 26 ಸಾವಿರ ಕೈಬಿಟ್ಟಂತೆ. ಅದರ ಮೇಲೆ ಮನೆ ತೆರಿಗೆ, ಕರೆಂಟಿನ ಕನಿಷ್ಠ ಬಿಲ್ಲು, ಮಳೆಗಾಲಕ್ಕೊಮ್ಮೆ ಮಾಳಿಗೆ ರಿಪೇರಿ. ನಾಲ್ಕು ಲಕ್ಷದ ಆಸೆ ಸುಮಾರು 15 ತಿಂಗಳಲ್ಲಿ ಕರಗುತ್ತದೆ. ಮಾರ್ಕೆಟ್ ಇನ್ನೂ ಇಳಿಯುತ್ತಿದ್ದರೆ ಇನ್ನೂ ಬೇಗ. ಮನೆಯ ಮೇಲೆ ಸಾಲ ಇದ್ದರೆ 6.5ರ ಜಾಗದಲ್ಲಿ ನಿಮ್ಮ ಸಾಲದ ಬಡ್ಡಿ ದರ ಹಾಕಿ ನೋಡಿ, ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಕಾಯುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಮನೆಯಲ್ಲಿ ಒಳ್ಳೆ ಬಾಡಿಗೆದಾರರಿದ್ದು, ನಿಮಗೆ ರೊಕ್ಕದ ತುರ್ತು ಇಲ್ಲದಿದ್ದರೆ ಕಾಯಬಹುದು. ಮುಂದಿನ ರಸ್ತೆ ಒಳಚರಂಡಿಗಾಗಿ ಅಗೆದು ಬಿದ್ದಿದ್ದರೆ ಮುಚ್ಚುವವರೆಗೆ ಕಾಯಿರಿ. ಇ-ಖಾತಾ (ಆಸ್ತಿಯ ಗಣಕೀಕೃತ ಖಾತೆ) ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ರೇಟಿನ ಮಾತು. "ಮುಂದ ಏರ್ತದ" ಎಂಬ ನಂಬಿಕೆ ಒಂದೇ ಕಾರಣವಾಗಿದ್ದರೆ ಮಾತ್ರ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಓದಿ.

ಯಾವ ತಿಂಗಳಲ್ಲಿ ಮಾರಿದ್ರೆ ಒಳ್ಳೇದು?

ನಮ್ಮ ಕಡೆ ರೊಕ್ಕ ತೊಗರಿಯ ಜೊತೆ ಓಡಾಡುತ್ತದೆ. ರಾಶಿ ಮುಗಿದು ಜನವರಿಯಿಂದ ಮಾರ್ಚ್‌ವರೆಗೆ ಹಳ್ಳಿಯವರ ಕೈಯಲ್ಲಿ ದುಡ್ಡು ಇರುತ್ತದೆ. ಮಕ್ಕಳ ಓದಿಗೆ ಊರಲ್ಲಿ ಮನೆ ಮಾಡುವವರು ಜೂನ್ ಒಳಗೆ ಬಂದು ಸೇರಬೇಕು ಅನ್ನುತ್ತಾರೆ. ಹಾಗಾಗಿ ಸಂಕ್ರಾಂತಿ ಕಳೆದ ಮೇಲಿಂದ ಅಕ್ಷಯ ತೃತೀಯದವರೆಗೆ ಒಳ್ಳೆ ಕಾಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಇಸಾರ ಕೊಡಲು ತುಂಬ ಜನ ಹಿಂಜರಿಯುತ್ತಾರೆ. ಆಗ ಬರುವ ಕಡಿಮೆ ರೇಟಿಗೆ ಗಾಬರಿಯಾಗಬೇಡಿ.

## ಮಾತುಕತೆಗೆ ಕೂತಾಗ

ಮನೆ ನೋಡದೇನೇ ಫೋನಲ್ಲಿ "ಆಖ್ರಿ ರೇಟ್ ಹೇಳ್ರಿ" ಅಂತಾರೆ. ಏನು ಹೇಳ್ಲಿ?

ಹೇಳಬೇಡಿ. ಫೋನಿನಲ್ಲಿ ಹೇಳಿದ ಆಖ್ರಿ ರೇಟು ಮನೆಗೆ ಬಂದಾಗ ಮೊದಲ ರೇಟಾಗುತ್ತದೆ, ಅಲ್ಲಿಂದ ಮತ್ತೆ ಚೌಕಾಸಿ ಶುರು. "56 ಹೇಳೀನ್ರೀ. ಬಂದು ಮನಿ ನೋಡ್ರಿ, ಕಾಗದ ನೋಡ್ರಿ, ಆಮ್ಯಾಲ ಎದುರಿಗೆ ಕೂತು ಮಾತಾಡೋಣ" ಅನ್ನಿ. ಕೊಳ್ಳುವ ಮನಸ್ಸಿದ್ದವರು ಬರುತ್ತಾರೆ.

ಆದರೆ ಆಖ್ರಿ ರೇಟು ನಿಮ್ಮ ಮನೆಯವರ ನಡುವೆ ಮೊದಲೇ ತೀರ್ಮಾನವಾಗಿರಲಿ. ಗಂಡ 50 ಅಂದುಕೊಂಡು, ಹೆಂಡತಿ 54 ಅಂದುಕೊಂಡು, ಕೊಳ್ಳಲು ಬಂದವರ ಎದುರು ಕೂತರೆ ಅವರು ಐದು ನಿಮಿಷದಲ್ಲಿ ಗುರುತು ಹಿಡಿಯುತ್ತಾರೆ.

ಅವರು 46, ನಾವು 56. ನಡುವೆ 51ಕ್ಕೆ ಒಪ್ಪಿಕೊಂಡ್ರೆ ಆಯ್ತಲ್ವಾ?

ಅವರು 42 ಅಂದಿದ್ದರೆ ನಡುವಿನದು 49 ಆಗುತ್ತಿತ್ತು. ಅಂದರೆ ನಿಮ್ಮ ಮನೆಯ ಬೆಲೆಯನ್ನು ಅವರ ಮೊದಲ ಮಾತೇ ತೀರ್ಮಾನಿಸುತ್ತದೆ. ಅದಕ್ಕೇ ಅಷ್ಟು ಕೆಳಗಿಂದ ಶುರು ಮಾಡುತ್ತಾರೆ.

ನಿಮ್ಮ ಆಖ್ರಿ 50 ಅಂತಿಟ್ಟುಕೊಂಡರೆ 56ರಿಂದ 53 ಮುಕ್ಕಾಲು, ಆಮೇಲೆ 52 ಕಾಲು, ಆಮೇಲೆ 51 ಮುಕ್ಕಾಲು ಹೀಗೆ ಇಳಿಯಿರಿ. ಪ್ರತಿ ಸಲ ಇಳಿಸುವ ಮೊತ್ತ ಚಿಕ್ಕದಾಗುತ್ತ ಹೋಗಬೇಕು. ನೆಲ ಹತ್ತಿರ ಬಂತು ಅಂತ ಎದುರಿನವರಿಗೆ ತಾನೇ ಗೊತ್ತಾಗುತ್ತದೆ. ಅವರು ಒಂದು ಹೆಜ್ಜೆ ಮೇಲೆ ಬಾರದೆ ನೀವು ಎರಡು ಸಲ ಇಳಿಯಬೇಡಿ.

ರೇಟು ಕದಲದೇ ಹೋದಾಗ ಬೇರೆ ಏನಾದರೂ ಕೊಡಿ, ಕೇಳಿ. ಇನ್ವರ್ಟರ್, ಸೋಲಾರ್ ಹೀಟರ್, ಎರಡು ಎ.ಸಿ. ಬಿಟ್ಟು ಹೋಗುತ್ತೇವೆ ಅನ್ನಬಹುದು. ನಮ್ಮ ಮೇ ತಿಂಗಳ ಬಿಸಿಲು ಕಂಡವರಿಗೆ ಎ.ಸಿ. ಅಂದರೆ ಕಿವಿ ನಿಮಿರುತ್ತದೆ. ಅಥವಾ "50ಕ್ಕೆ ಒಪ್ತೀನಿ, 30 ದಿನದಲ್ಲಿ ರಿಜಿಸ್ಟ್ರಿ ಆಗಬೇಕು" ಅನ್ನಿ.

ಗೋಡೆ ಬಿರುಕು ತೋರಿಸಿ ಮೂರು ಲಕ್ಷ ಇಳಿಸಿ ಅಂತಾರೆ. ನಿಜಕ್ಕೂ ಅಷ್ಟಾಗುತ್ತಾ?

ಕಲಬುರಗಿಯಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ, ಯಾಕಂದರೆ ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ. ಬುನಾದಿ ಆಳವಿಲ್ಲದ ಮನೆಯಲ್ಲಿ ಗೋಡೆ ಅದರ ಜೊತೆ ಕದಲುತ್ತದೆ. ಕೊಳ್ಳುವವರಿಗೂ ಇದು ಗೊತ್ತು. ಮನೆ ನೋಡಲು ಬಂದವರು ಹಾಲ್ ಬಿಟ್ಟು ಮೊದಲು ಕಿಟಕಿಯ ಮೂಲೆಗೆ ಹೋಗಿ ನಿಲ್ಲುವುದನ್ನು ನೋಡಿ. ಅಲ್ಲಿಂದ ಓರೆಯಾಗಿ ಮೇಲೆ ಹೋದ ಗೀರನ್ನು ಬೆರಳಿನಿಂದ ಸವರುತ್ತಾರೆ. ಉಗುರು ಒಳಗೆ ಹೋಯಿತೋ ಇಲ್ಲವೋ ಅಂತ ನೋಡುತ್ತಾರೆ. ಜೊತೆಗೆ ಬಂದ ಅಳಿಯನ ಮುಖ ನೋಡುತ್ತಾರೆ. ಏನೂ ಹೇಳುವುದಿಲ್ಲ. ರೇಟು ಮಾತಾಡುವಾಗ ಅದು ಮೂರು ಲಕ್ಷವಾಗಿ ಹೊರಗೆ ಬರುತ್ತದೆ.

ಮಾರಾಟಕ್ಕೆ ಇಡುವ ಮೊದಲೇ ಒಬ್ಬ ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಕೂದಲೆಳೆಯಂಥ ಗೀರುಗಳು ಬರೀ ಗಿಲಾವಿನವು. ಓರೆ ಬಿರುಕು, ಗೋಡೆಯ ಎರಡೂ ಬದಿ ಕಾಣುವ ಬಿರುಕು, ವರ್ಷ ವರ್ಷ ಅಗಲವಾಗುವ ಬಿರುಕು ಇದ್ದರೆ ಬುನಾದಿ ನೋಡಬೇಕು. ಎಂಜಿನಿಯರ್ ಬರೆದುಕೊಟ್ಟ ಚೀಟಿ, ಗೌಂಡಿ ಕೊಟ್ಟ ರಿಪೇರಿ ಖರ್ಚಿನ ಅಂದಾಜು ಎರಡನ್ನೂ ಮುಂದಿಡಿ. 60 ಸಾವಿರದ ಕೆಲಸವಾಗಿದ್ದರೆ 60 ಸಾವಿರ ಕಡಿಮೆ ಮಾಡಿ. ಮಾತು ಮೂರು ಲಕ್ಷದಿಂದ ಅಲ್ಲಿಗೆ ಇಳಿಯುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ: ಪುಟ್ಟಿ ಬಳಿದು, ಹೊಸ ಬಣ್ಣ ಹೊಡೆದು ಮುಚ್ಚುವುದು. ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ಅನುಮಾನ ಇಡೀ ಮನೆಗೆ ಹಬ್ಬುತ್ತದೆ.

ಶಹಾಬಾದ್ ಪರಸಿಯ (ಹಾಸುಗಲ್ಲಿನ) ನೆಲವನ್ನು ಹಳೇದು ಅಂತ ಹೀಗಳೆದರೆ ತಲೆ ಕೆಡಿಸಿಕೊಳ್ಳಬೇಡಿ. ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಲ್ಲಲು ಹೇಳಿ. ಬೋರ್‌ವೆಲ್ ಇದ್ದರೆ ಏಪ್ರಿಲ್‌ನಲ್ಲಿ ಮೋಟಾರ್ ಹಾಕಿ ನೀರು ತೋರಿಸಿ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಜಾಹೀರಾತು ಇಲ್ಲ.

ಒಬ್ಬರು 52 ಕೊಡ್ತಾರೆ, ಆದ್ರೆ ಲೋನ್. ಇನ್ನೊಬ್ಬರು 49, ರೊಕ್ಕ ರೆಡಿ ಅದ ಅಂತಾರೆ. ಯಾರಿಗೆ ಕೊಡ್ಲಿ?

ಮೊದಲು 52ರವರ ಹತ್ತಿರ ಎಷ್ಟಿದೆ ಅಂತ ಕೇಳಿ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ. 52 ಲಕ್ಷಕ್ಕೆ 41 ಲಕ್ಷ 60 ಸಾವಿರ. ಉಳಿದ 10 ಲಕ್ಷ 40 ಸಾವಿರ ಅವರೇ ಹಾಕಬೇಕು. ಮುದ್ರಾಂಕ ಶುಲ್ಕ ಸೆಸ್ ಎಲ್ಲ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ ಹತ್ತಿರ ಹತ್ತಿರ 4 ಲಕ್ಷ. ಇದಕ್ಕೆ ಸಾಲ ಸಿಗುವುದಿಲ್ಲ. ಒಟ್ಟು 14 ಲಕ್ಷದ ಮೇಲೆ ಕೈಯಲ್ಲಿ ಇರಬೇಕು.

ಇನ್ನು ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದು 47 ಲಕ್ಷ ಅಂತ ಬರೆದರೆ ಸಾಲ 37 ಲಕ್ಷ 60 ಸಾವಿರಕ್ಕೆ ಇಳಿಯುತ್ತದೆ. ಕೈಯಿಂದ ಹಾಕುವುದು 18 ಲಕ್ಷ ದಾಟುತ್ತದೆ. ಮಾರ್ಕೆಟ್ ಇಳಿದಾಗ ತುಂಬ ಮಾತುಕತೆ ಮುರಿದು ಬೀಳುವುದು ಇಲ್ಲೇ. ಇಷ್ಟನ್ನು ತಡೆಯುವ ಶಕ್ತಿ ಇದೆ, ಬ್ಯಾಂಕಿನ ಪೂರ್ವ ಮಂಜೂರಾತಿ ಪತ್ರ ಇದೆ ಅಂದರೆ 52ಕ್ಕೇ ಹೋಗಿ. ಸಂಬಳದ ನೌಕರರಿಗೆ ಸಾಲ ಸಿಗುವುದು ದೊಡ್ಡ ಕಷ್ಟವೇನಲ್ಲ. ಇಲ್ಲವಾದರೆ 49 ನಿಜವಾದ ಅಂಕಿ, 52 ಬರೀ ಮಾತು. ಹಾಗಂತ "ರೊಕ್ಕ ರೆಡಿ ಅದ" ಅನ್ನುವವರನ್ನೂ ಸುಮ್ಮನೆ ನಂಬಬೇಡಿ. ಹೊಲ ಮಾರಿ ಕೊಡುತ್ತೇನೆ ಅನ್ನುವುದು ರೆಡಿ ರೊಕ್ಕವಲ್ಲ.

ಏಜೆಂಟ್ "ಬಂದಷ್ಟಕ್ಕೆ ಕೊಟ್ಬಿಡ್ರಿ" ಅಂತ ಒತ್ತಾಯ ಮಾಡ್ತಾನೆ. ಅವನು ನಮ್ಮ ಕಡೆಯವನಲ್ವಾ?

ಅವರ ಲೆಕ್ಕ ನೋಡಿ. ಕಮಿಷನ್ ಶೇ 1 ಆದರೆ 50 ಲಕ್ಷಕ್ಕೆ 50 ಸಾವಿರ, 48ಕ್ಕೆ 48 ಸಾವಿರ. ನಿಮಗೆ ಎರಡು ಲಕ್ಷದ ವ್ಯತ್ಯಾಸ, ಅವರಿಗೆ ಎರಡು ಸಾವಿರದ್ದು. ಇವತ್ತೇ ಮುಗಿದರೆ ಸಾಕು ಅಂತ ಅವರಿಗೆ ಅನಿಸುವುದು ಸಹಜ, ಅದು ಮೋಸವಲ್ಲ. 49ರವರೆಗೆ ಇಷ್ಟು, ಅದರ ಮೇಲೆ ತಂದ ಒಂದೊಂದು ಲಕ್ಷಕ್ಕೂ ಹತ್ತು ಸಾವಿರ ಜಾಸ್ತಿ ಅಂತ ಮೊದಲೇ ಮಾತಾಡಿಕೊಳ್ಳಿ. ಮಾತಿನ ಧಾಟಿ ಬದಲಾಗುತ್ತದೆ.

ಬೇರೆಯವರು 54 ಕೊಡ್ತಿದ್ದಾರೆ ಅಂತ ಸುಳ್ಳು ಹೇಳಬಹುದಾ?

"ಹಂಗಾದ್ರೆ ಅವ್ರಿಗೇ ಕೊಡ್ರಿ" ಅಂತ ಎದ್ದು ಹೋದರೆ ಏನು ಮಾಡುತ್ತೀರಿ?

## ಕಾಗದ, ತೆರಿಗೆ, ಇಸಾರ

ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕಡಿಮೆಗೆ ಮಾರಬಹುದಾ?

ಮಾರಬಹುದು. ಆದರೆ ಕೊಳ್ಳುವವರು ಮುದ್ರಾಂಕ ಶುಲ್ಕ ಕಟ್ಟಬೇಕಾದ್ದು ಮಾರ್ಗಸೂಚಿ ದರ, ಮಾರಾಟದ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ರಾಜ್ಯದಲ್ಲಿ ಈ ದರ 2023ರ ಅಕ್ಟೋಬರ್ 1ರಿಂದ ಏರಿದೆ. ಹಾಗಾಗಿ ಮಾರ್ಕೆಟ್ ಇಳಿದ ಕಡೆ ಎರಡೂ ಹತ್ತಿರ ಹತ್ತಿರ ಬಂದಿರುತ್ತವೆ.

ನಿಮಗೆ ತಟ್ಟುವುದು ಆದಾಯ ತೆರಿಗೆ. ಮಾರ್ಗಸೂಚಿ ಮೌಲ್ಯ ನಿಮ್ಮ ಮಾರಾಟದ ಬೆಲೆಯ ಶೇ 110 ದಾಟಿದರೆ ನೀವು ಮಾರ್ಗಸೂಚಿ ಮೌಲ್ಯಕ್ಕೇ ಮಾರಿದಿರಿ ಅಂತ ಲೆಕ್ಕ ಹಾಕುತ್ತಾರೆ. ಮೌಲ್ಯ 50 ಲಕ್ಷ ಇದ್ದರೆ 45 ಲಕ್ಷ 46 ಸಾವಿರದವರೆಗೆ ಇಳಿದರೂ ತೊಂದರೆ ಇಲ್ಲ. 44ಕ್ಕೆ ಮಾರಿದರೆ ಕೈಗೆ ಬರದ 6 ಲಕ್ಷವೂ ನಿಮ್ಮ ಲಾಭದ ಲೆಕ್ಕಕ್ಕೆ ಸೇರುತ್ತದೆ. ಕೊಂಡವರಿಗೂ ಆ ವ್ಯತ್ಯಾಸ ಆದಾಯವಾಗಿ ಕೂರುತ್ತದೆ. ಇದನ್ನು ಅವರಿಗೆ ತಿಳಿಸಿ ಹೇಳಿ. 44 ಅನ್ನುತ್ತಿದ್ದವರು ಎಷ್ಟೋ ಸಲ 46ಕ್ಕೆ ಬರುವುದು ಇದೇ ಕಾರಣಕ್ಕೆ. ನಿಜಕ್ಕೂ ಮನೆಗೆ ಅಷ್ಟು ಬೆಲೆ ಇಲ್ಲದಿದ್ದರೆ ತೆರಿಗೆ ಅಧಿಕಾರಿಯ ಮುಂದೆ ಹೇಳಿ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಿ ಅಂತ ಕೇಳುವ ದಾರಿ ಇದೆ.

ಬೆಲೆ ಅಥವಾ ಮಾರ್ಗಸೂಚಿ ಮೌಲ್ಯ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿ.ಡಿ.ಎಸ್. (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಅದು ರೇಟು ಇಳಿಸಿದ್ದಲ್ಲ, ನಿಮ್ಮ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ.

"ಹದಿನೈದು ಲಕ್ಷ ಕ್ಯಾಶ್ ತಗೊಳ್ರಿ, ಎರಡು ಲಕ್ಷ ಜಾಸ್ತಿ ಕೊಡ್ತೀನಿ" ಅಂತಾರೆ. ತಗೊಳ್ಳಬಹುದಾ?

ಬೇಡ. ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕೂ ಜಾಸ್ತಿ ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ. ಎರಡು ಲಕ್ಷದ ಆಸೆಗೆ ಹದಿನೈದು ಲಕ್ಷದ ಅಪಾಯ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಆಸ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿದೆ. 2 ಲಕ್ಷ ಅಥವಾ ಮೇಲ್ಪಟ್ಟ ನಗದು ವ್ಯವಹಾರ ಕಂಡುಬಂದರೆ ಕೋರ್ಟುಗಳು, ನೋಂದಣಿ ಕಚೇರಿಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂದಿದೆ.

ಕೊಂಡ ಬೆಲೆಗಿಂತ ಕಡಿಮೆಗೆ ಹೋಯ್ತು. ಆ ನಷ್ಟಕ್ಕೆ ಏನೂ ಇಲ್ವಾ?

ಇದೆ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಯಾದರೆ ಅದು ದೀರ್ಘಾವಧಿ ಬಂಡವಾಳ ನಷ್ಟ. ಮುಂದಿನ 8 ವರ್ಷದಲ್ಲಿ ಪ್ಲಾಟ್ ಅಥವಾ ಬೇರೆ ಆಸ್ತಿ ಮಾರಿ ದೀರ್ಘಾವಧಿ ಲಾಭ ಬಂದರೆ ಅದರಲ್ಲಿ ಕಳೆಯಬಹುದು. ಆದರೆ ಆ ವರ್ಷದ ರಿಟರ್ನ್ಸನ್ನು ಗಡುವಿನೊಳಗೆ ಸಲ್ಲಿಸಿರಬೇಕು. ಲಾಭ ಇಲ್ಲವಲ್ಲ ಅಂತ ರಿಟರ್ನ್ಸ್ ಹಾಕದೇ ಬಿಡುವವರು ಈ ಸವಲತ್ತು ಕಳೆದುಕೊಳ್ಳುತ್ತಾರೆ.

ಮನೆ ಮೇಲೆ ಸಾಲ ಇದೆ. ಅದು ಗೊತ್ತಾದ ತಕ್ಷಣ ರೇಟು ಬೀಳ್ತದೆ.

ಅವರು ಹೆದರುವುದು ತಮ್ಮ ರೊಕ್ಕ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡೀತು ಅಂತ. ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ, ಅವರ ಬಳಿ ಇರುವ ಮೂಲ ಪತ್ರಗಳ ಪಟ್ಟಿ ತಂದಿಟ್ಟುಕೊಳ್ಳಿ. ಕೊಳ್ಳುವವರ ಹಣದಲ್ಲಿ ಅಷ್ಟು ಭಾಗ ನೇರವಾಗಿ ನಿಮ್ಮ ಸಾಲದ ಖಾತೆಗೆ ಹೋಗುವಂತೆ ಇಸಾರ ಪತ್ರದಲ್ಲೇ ಬರೆಸಿ. ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಇದನ್ನು ಕೊಳ್ಳುವವರಿಗೂ ಹೇಳಿ, ಅರ್ಧ ಭಯ ಕಡಿಮೆಯಾಗುತ್ತದೆ.

ಅಣ್ಣನಿಗೆ ರೊಕ್ಕ ತುರ್ತು, ತಂಗಿ ಈ ರೇಟಿಗೆ ಸಹಿ ಹಾಕಲ್ಲ ಅಂತಾಳೆ. ಏನು ಮಾಡೋದು?

ತಂದೆ ಉಯಿಲು ಬರೆಯದೆ ಬಿಟ್ಟುಹೋದ ಮನೆಯಲ್ಲಿ ಹಿಂದೂ ಕಾನೂನಿನಂತೆ ತಂಗಿಗೂ ಸಮಪಾಲು. ಅವಳ ಸಹಿ ಇಲ್ಲದೆ ಕೊಳ್ಳುವವರ ವಕೀಲರು ಒಪ್ಪುವುದಿಲ್ಲ. ಮನೆಯೊಳಗಿನ ಜಗಳದ ಸುಳಿವು ಸಿಕ್ಕರೆ ರೇಟು ಇನ್ನೂ ಇಳಿಯುತ್ತದೆ. ಹಾಗಾಗಿ ಹೊರಗಿನವರ ಜೊತೆ ಕೂರುವ ಮೊದಲು ಎಲ್ಲರೂ ಸೇರಿ ಆಖ್ರಿ ರೇಟನ್ನೂ, ಅದು ಯಾವ ತಿಂಗಳವರೆಗೆ ಎಂಬುದನ್ನೂ ಹಾಳೆಯ ಮೇಲೆ ಬರೆದು ಸಹಿ ಹಾಕಿ. ತಂಗಿಗೆ ನಿಜಕ್ಕೂ ಮನೆ ಮಾರಲು ಮನಸ್ಸಿಲ್ಲದಿದ್ದರೆ ಹೊರಗಿನವರು ಕೇಳಿದ ಅದೇ 48 ಲಕ್ಷದ ಲೆಕ್ಕದಲ್ಲಿ ಅಣ್ಣನ ಪಾಲು ಅವಳೇ ಕೊಳ್ಳಲಿ. ಬಹಳ ಮನೆಗಳಲ್ಲಿ ಈ ಮಾತು ಯಾರೂ ಎತ್ತುವುದೇ ಇಲ್ಲ.

ಇಸಾರ ಕೊಟ್ಟ ಮೇಲೆ, ರಿಜಿಸ್ಟ್ರಿ ಹಿಂದಿನ ದಿನ "ಇನ್ನೆರಡು ಲಕ್ಷ ಬಿಡ್ರಿ" ಅಂದ್ರೆ?

ಇದು ಹಳೆಯ ವರಸೆ. ನೀವು ಸಾಮಾನು ಕಟ್ಟಿ ಕೂತಿರುತ್ತೀರಿ, ಬೇರೆ ಮನೆಗೆ ಮುಂಗಡ ಕೊಟ್ಟಿರುತ್ತೀರಿ ಅಂತ ಅವರಿಗೆ ಗೊತ್ತು. ಮದ್ದು ಇಸಾರ ಪತ್ರದಲ್ಲೇ ಇರಬೇಕು. ಇಸಾರ ಐವತ್ತು ಸಾವಿರ, ಲಕ್ಷ ತೆಗೆದುಕೊಳ್ಳಬೇಡಿ. ಬೆಲೆಯ ಶೇ 10ರ ಹತ್ತಿರ ಇರಲಿ, ಬ್ಯಾಂಕ್ ಮೂಲಕವೇ ಬರಲಿ. ರಿಜಿಸ್ಟ್ರಿಯ ಕೊನೆ ದಿನಾಂಕ, ಆ ದಿನ ದಾಟಿದರೆ ಇಸಾರ ಮುಟ್ಟುಗೋಲು, ಮನೆಯನ್ನು ಇದ್ದ ಸ್ಥಿತಿಯಲ್ಲೇ ನೋಡಿ ಒಪ್ಪಿದ್ದೇವೆ, ಈ ಮೂರೂ ಮಾತು ಸ್ಪಷ್ಟವಾಗಿ ಬರೆಸಿ. ಮುಟ್ಟುಗೋಲು ಹಾಕಿಕೊಂಡ ಹಣಕ್ಕೆ ಆದಾಯ ತೆರಿಗೆ ಇದೆ ಎಂಬುದೂ ನೆನಪಿರಲಿ.

ಪತ್ರ ನಿಮ್ಮನ್ನೂ ಕಟ್ಟಿಹಾಕುತ್ತದೆ. ಇನ್ನೊಬ್ಬರು ಬಂದು ಮೂರು ಲಕ್ಷ ಜಾಸ್ತಿ ಅಂದರೂ ನೀವು ತಿರುಗುವಂತಿಲ್ಲ. ಕೊಂಡವರು ಕೋರ್ಟಿಗೆ ಹೋದರೆ ಒಪ್ಪಿದ ಬೆಲೆಗೇ ಬರೆದುಕೊಡಬೇಕಾದೀತು.

ಹಿಂದಿನ ದಿನ ಆ ಮಾತು ಬಂದೇ ಬಂದರೆ "ನಾಳೆ ಹನ್ನೊಂದಕ್ಕ ಸಬ್ ರಿಜಿಸ್ಟ್ರಾರ್ ಆಫೀಸ್‌ನಾಗ ಇರ್ತೀನ್ರೀ, ಮಾತಾಡಿದ ರೇಟಿಗೆ" ಅಂತ ಹೇಳಿ ಫೋನ್ ಇಡಿ. ಅದೇ ಮಾತನ್ನು ವಾಟ್ಸಾಪ್‌ನಲ್ಲೂ ಬರೆದು ಕಳಿಸಿ. ಮರುದಿನ ಅವರು ಬರಲಿ ಬಿಡಲಿ, ನೀವು ಹೋಗಿ ಕೂರಿ. ಹೋಗಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.